ಸೋದರಮಾವನ ಎಡತೊಡೆ

ಕಾಲುವೆ ನಾಲ್ಕಡಿ ಅಗಲವಿತ್ತು ಎಂದು ನಾನು ಹೇಳುತ್ತೇನೆ. ಎರಡಡಿಯೂ ಇರಲಿಲ್ಲ, ಕೋಳಿ ಕೂಡ ದಾಟುವಷ್ಟಿತ್ತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆಸ್ಪತ್ರೆಗೆ ಸೇರುವಾಗ ನಾನು ಮೂರಡಿ ಎಂದಿದ್ದೆನಂತೆ. ಆಫೀಸಿಗೆ ಹೋಗುವಷ್ಟರಲ್ಲಿ ಅದು ಐದಾಗಿತ್ತು. ನಮ್ಮ ದಾವಣಗೆರೆಯ ಹೊರಗಿನ ಬಾತಿಯ ಹತ್ತಿರ ಗೆಳೆಯನೊಬ್ಬನ ಗದ್ದೆ ನೋಡಲು ಹೋಗಿದ್ದೆವು, ದಾಟಲು ಪಕ್ಕದಲ್ಲೇ ಒಂದು ಕಲ್ಲುಚಪ್ಪಡಿ ಇತ್ತು, ನಾನು ಅದನ್ನು ಬಿಟ್ಟು ಹಾರಿದೆ. ಇಷ್ಟಕ್ಕೆ ಯಾರ ತಕರಾರೂ ಇಲ್ಲ. ಆಚೆ ದಡದಲ್ಲಿ ಎಡಗಾಲು ಊರಿತು, ಪಾದ ಅಲ್ಲೇ ನಿಂತಿತು, ನಾನು ಮಾತ್ರ ಬಲಕ್ಕೆ ತಿರುಗಿದೆ. ಮೊಣಕಾಲಿನೊಳಗೆ ಟಕ್ ಎಂದಿತು. ಆ ಸದ್ದು ನನಗೆ ಅಲ್ಲೇ ಕೇಳಿಸಿತೋ, ಡಾಕ್ಟರು “ಟಕ್ ಅಂತಾ?” ಎಂದು ಕೇಳಿದ ಮೇಲೆ ಕೇಳಿಸತೊಡಗಿತೋ, ಈಗ ಹೇಳಲಾರೆ.

ಲಿಗಮೆಂಟ್ ಹರಿದಿತ್ತು. ಇದು ಸಾಮಾನ್ಯವಾಗಿ ಆಟಗಾರರಿಗೆ ಆಗುವ ಪೆಟ್ಟು ಎಂದು ಡಾಕ್ಟರು ಹೇಳಿದಾಗ, ಐವತ್ತೊಂದರ ವಯಸ್ಸಿನಲ್ಲಿ, ಆ ನೋವಿನಲ್ಲೂ ನನಗೆ ಸ್ವಲ್ಪ ಹೆಮ್ಮೆಯಾಯಿತು. ತೊಡೆಯ ಹಿಂಭಾಗದಿಂದ ಒಂದು ಎಳೆ ತೆಗೆದು ಮೊಣಕಾಲಿನೊಳಗೆ ಹೊಸ ಲಿಗಮೆಂಟ್ ಮಾಡಿ ಕೂರಿಸಿದರು.

ಮೂರನೆಯ ದಿನ ಹರಿಹರದಿಂದ ಅಕ್ಕ ಬಂದಳು. ಬುತ್ತಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಾಲನ್ನು ಸೊಂಟದಿಂದ ಹಿಮ್ಮಡಿಯವರೆಗೆ ಒಮ್ಮೆ ನೋಡಿದಳು. ನೋವು ಹೇಗಿದೆ ಎಂದು ಕೇಳುತ್ತಾಳೆ ಎಂದುಕೊಂಡೆ.

“ಮದ್ವಿಗೆ ಹೆಂಗೋ?” ಎಂದಳು.

ಅವಳ ಮಗಳ ಮದುವೆಗೆ ಏಳು ತಿಂಗಳಿತ್ತು. ನಮ್ಮ ಮನೆತನದಲ್ಲಿ ಮದುಮಗಳು ಕೋಣೆಯಿಂದ ಹಸೆಮಣೆಗೆ ನಡೆದು ಹೋಗುವುದಿಲ್ಲ. ಸೋದರಮಾವ ಎರಡು ತೋಳಿನಲ್ಲಿ ಎತ್ತಿಕೊಂಡು ಹೋಗಬೇಕು, ನಡುವೆ ಅವಳ ಪಾದ ನೆಲಕ್ಕೆ ತಾಗಬಾರದು. ಸುತ್ತಲಿನ ಎಷ್ಟೋ ಮನೆಗಳಲ್ಲಿ ಕೈ ಹಿಡಿದು ನಡೆಸಿದರೆ ಮುಗಿಯಿತು. ನಮ್ಮ ಹಿರಿಯರಿಗೆ ಗಟ್ಟಿ ಮೊಣಕಾಲುಗಳಿದ್ದವು ಎಂದು ಕಾಣುತ್ತದೆ. ಅಕ್ಕನಿಗೆ ನಾನೊಬ್ಬನೇ ತಮ್ಮ.

“ನೀನು ಆಗ್ಲಿಲ್ಲಂದ್ರ ಅವ್ನು ಅದಾನಲ್ಲ,” ಎಂದಳು ಅಕ್ಕ. ಅವನೆಂದರೆ ನಮ್ಮ ಚಿಕ್ಕಪ್ಪನ ಮಗ. ಹರಿಹರದಲ್ಲಿ ದಿನಾ ಬೆಳಗ್ಗೆ ಜಿಮ್‌ಗೆ ಹೋಗುತ್ತಾನೆ. ವರಸೆಯಲ್ಲಿ ಅವನೂ ಸೋದರಮಾವನೇ. ಅವನ ಒಂದು ತೊಡೆಯಲ್ಲಿ ನನ್ನಂಥವರ ಎರಡು ತೊಡೆ ಮಾಡಬಹುದು.

ಸಂಜೆ ಅಕ್ಕನ ಮಗಳು, ಅಂದರೆ ನನ್ನ ಸೊಸೆ, ಫೋನ್ ಮಾಡಿದಳು. “ಮಾಮ, ನೀನೇ ಎತ್ತಬೇಕು. ಅವ್ನು ಎತ್ತಿದ್ರ ನನ್ನ ಎತ್ಕಂಡೇ ರೀಲ್ ಮಾಡ್ತಾನ. ನನ್ನ ಮದ್ವಿ ಪೂರಾ ಅವನ ತೋಳಿನ ವಿಡಿಯೋ ಆಗ್ತೈತಿ.” ನಕ್ಕೆ. ಅವಳು ನಗಲಿಲ್ಲ. “ಖರೇನ ಹೇಳ್ತೀನಿ. ಚಿಕ್ಕಂದಿನಿಂದ ನೀನೇ ಅಂತ ಅಂದ್ಕಂಡೀನಿ,” ಎಂದಳು. ಎತ್ತುತ್ತೇನೆ ಎಂದು ಮಾತು ಕೊಟ್ಟೆ. ಆ ಹೊತ್ತಿನಲ್ಲಿ ನಾನು ನನ್ನ ಕಾಲನ್ನೇ ಎತ್ತಲಾರದ ಸ್ಥಿತಿಯಲ್ಲಿದ್ದೆ ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಅದು ಎಷ್ಟರಮಟ್ಟಿಗೆ ಎಂದು ಗೊತ್ತಾದದ್ದು ಕೆ.ಬಿ. ಬಡಾವಣೆಯ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ. ಅಲ್ಲಿಯ ಮೇಡಂ ಮೂವತ್ತರ ಒಳಗಿನವರು, ಎಲ್ಲರನ್ನೂ ‘ಸರ್’ ಎಂದೇ ಗದರಿಸುವವರು. ಮೊಣಕಾಲಿನ ಕೆಳಗೆ ಟವೆಲ್ ಸುತ್ತಿಟ್ಟು, “ಟವೆಲ್ ಒತ್ರಿ ಸರ್,” ಎಂದರು. ಒತ್ತಿದೆ. ಹಲ್ಲು ಕಚ್ಚಿದೆ, ಮುಷ್ಟಿ ಬಿಗಿದೆ, ಬಲಗಾಲು ತಾನೇ ಮುಂದೆ ಬಂದು ಮಂಚ ಒತ್ತಿತು.

“ಮುಖ ಅಲ್ಲ ಸರ್, ತೊಡಿ.”

“ತೊಡೇನೇ ಒತ್ತಾಕತ್ತೀನಿ ಮೇಡಂ.”

“ಕೈ ಇಟ್ಟು ನೋಡ್ರಿ.”

ನೋಡಿದೆ. ಇಡ್ಲಿ ಹಿಟ್ಟಿನಷ್ಟು ಮೆತ್ತಗೆ ಬಿದ್ದಿತ್ತು. ನಾನು ಆಜ್ಞೆ ಕೊಡುತ್ತಿದ್ದೆ, ತೊಡೆ ಅದನ್ನು ಬೇರೆ ಯಾರಿಗೋ ಹೇಳಿದ್ದು ಎಂಬಂತೆ ಮಲಗಿತ್ತು. ಐವತ್ತೊಂದು ವರ್ಷ ನನ್ನ ಜೊತೆಗಿದ್ದದ್ದು ಮೂರು ವಾರದಲ್ಲಿ ನನ್ನನ್ನು ಮರೆತುಬಿಟ್ಟಿತ್ತು. ಮೇಡಂ ಟೇಪ್ ಹಿಡಿದು ಎರಡೂ ತೊಡೆ ಅಳೆದರು. ಎಡತೊಡೆ ನಾಲ್ಕು ಸೆಂಟಿಮೀಟರ್ ಕಡಿಮೆ.

“ಎಲ್ಲಿಗೆ ಹೋತು ಮೇಡಂ?”

“ಕೆಲಸ ಇಲ್ದಿದ್ರ ಇರೋದಿಲ್ಲ ಸರ್ ಅದು. ಹೋಗ್ತೈತಿ. ಕರ್ಕಂಡ್ ಬರೋಣಂತ, ಒತ್ರಿ.”

ಮೊದಲ ಸಲ ತೊಡೆ ಮಿಡುಕಿದ್ದು ಯಾವ ದಿನ ಎಂದು ನೆನಪಿಲ್ಲ. ಅದು ಗುರುವಾರ, ಹೊರಗೆ ಮಳೆ ಬರುತ್ತಿತ್ತು ಎಂದು ಬಹಳ ಜನರಿಗೆ ಹೇಳಿದ್ದೇನೆ. ಆದರೆ ಕ್ಲಿನಿಕ್ಕಿನ ಆ ಕೋಣೆಗೆ ಕಿಟಕಿಯೇ ಇಲ್ಲ. ಮಳೆಯನ್ನು ನಾನು ಎಲ್ಲಿಂದ ತಂದೆನೋ. ಮಿಡುಕಿದ್ದಂತೂ ನಿಜ, ಮೊಣಕಾಲ ಚಿಪ್ಪಿನ ಮೇಲೆ ಚರ್ಮದೊಳಗೆ ಮೀನು ಹೊರಳಿದಂತೆ. ಮೇಡಂಗೆ ತೋರಿಸಲು ಹೋದೆ, ನಿಂತುಹೋಯಿತು.

ಮದುವೆಯ ವಿಷಯ ಅವರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡರೆ ಪೆನ್ನು ತೆಗೆದರು.

“ಹುಡುಗಿ ತೂಕ?”

“ಐವತ್ತಾರು ಕೆಜಿ.”

“ದೂರ?”

ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ. ಅವಳು ಮರುದಿನ ಕಲ್ಯಾಣ ಮಂಟಪಕ್ಕೆ ಹೋಗಿ, ಬೇರೆ ಯಾರದೋ ನಿಶ್ಚಿತಾರ್ಥ ನಡೆಯುತ್ತಿರುವಾಗ, ಮದುಮಗಳ ಕೋಣೆಯಿಂದ ವೇದಿಕೆಯವರೆಗೆ ನಡೆದು ಎಣಿಸಿದಳು. ಹದಿನೆಂಟು ಹೆಜ್ಜೆ, ಮೂರು ಮೆಟ್ಟಿಲು. ಅಲ್ಲಿಯವರು ಇವಳನ್ನು ಗಂಡಿನ ಕಡೆಯ ಹಿರಿಯಳೆಂದು ತಿಳಿದು ಊಟಕ್ಕೆ ಕೂರಿಸಿದರಂತೆ. ಪಾಯಸ ಚೆನ್ನಾಗಿತ್ತು ಎಂದೂ ವರದಿ ಮಾಡಿದಳು.

ಮುಂದಿನ ಸಲ ಕ್ಲಿನಿಕ್ಕಿನಲ್ಲಿ ಮೆಟ್ಟಿಲು ಎಂದಕೂಡಲೇ, ಬರೆದುಕೊಳ್ಳುತ್ತಿದ್ದ ಮೇಡಂ ಪೆನ್ನು ಕೆಳಗಿಟ್ಟರು. “ಒಂದು ಕಂಡೀಷನ್ ಸರ್. ಮದ್ವಿಗೆ ಎಂಟು ದಿನ ಮೊದ್ಲು ಈ ಕುರ್ಚಿ ಮೇಲೆ ಕೂಡ್ರಬೇಕು. ಕೈ ಊರಂಗಿಲ್ಲ. ಎಡಗಾಲು ಒಂದ್ರ ಮೇಲೆ ಹತ್ತು ಸಲ ಏಳಬೇಕು. ಹತ್ತಾದ್ರ ಎತ್ರಿ. ಒಂಬತ್ತಾದ್ರ ನಿಮ್ಮ ಆ ಜಿಮ್ ತಮ್ಮ ಎತ್ತಲಿ.”

ಎರಡು ತಿಂಗಳಾದ ಮೇಲೆ ಕಾಲಿಗೆ ಭಾರ ಕಟ್ಟಿ ಎತ್ತುವ ಹಂತ ಬಂತು. ಮಲಗಿ, ಮೊಣಕಾಲು ಮಡಿಸದೆ, ಇಡೀ ಕಾಲನ್ನು ಮೇಲೆತ್ತಿ ಹತ್ತು ಎಣಿಸುವವರೆಗೆ ಹಿಡಿಯಬೇಕು. ಅಂಗಡಿಯಲ್ಲಿ ಅದಕ್ಕೆಂದೇ ಪಟ್ಟಿ ಸಿಗುತ್ತದೆ, ಇಲ್ಲದಿದ್ದರೆ ಮನೆಯಲ್ಲೇ ಚೀಲ ಮಾಡಿಕೊಳ್ಳಿ ಎಂದರು ಮೇಡಂ. ಹೆಂಡತಿ ನನ್ನ ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಚೀಲ ಹೊಲಿದಳು. ನಾನು ಅದಕ್ಕೆ ಅಕ್ಕಿ ಸುರಿಯಲು ಡಬ್ಬಿಯ ಮುಚ್ಚಳ ತೆಗೆದೆ.

“ಏನ್ ಮಾಡಾಕತ್ತೀರಿ?”

“ಎರಡು ಕೆಜಿ ಅಕ್ಕಿ.”

“ಉಣ್ಣೋ ಅಕ್ಕಿ ಕಾಲಿಗೆ ಕಟ್ಕಂತೀರಾ? ಲಿಗಮೆಂಟ್ ಜೊತಿಗೆ ಬುದ್ಧೀನೂ ಹರಿದು ಹೋಗೈತೇನು?”

ಬೇಳೆಯೂ ಆಗುವುದಿಲ್ಲ, ರಾಗಿಯಂತೂ ಆಗಲೇ ಆಗುವುದಿಲ್ಲ, ಉಪ್ಪು ಲಕ್ಷ್ಮಿ. ಅಡುಗೆಮನೆಯಲ್ಲಿ ತೂಕವಿದ್ದದ್ದಕ್ಕೆಲ್ಲ ದೇವರ ಹೆಸರೂ ಇತ್ತು. ಇಟ್ಟಿಗೆ ಕಟ್ಟಿ ನೋಡಿದೆ, ಕಣಕಾಲು ತರಚಿತು. ಕೊನೆಗೆ ಅಕ್ಕನೇ ಉಪಾಯ ಹೇಳಿದಳು: ಹೊಳೆಯ ಮರಳು. ಮರುದಿನ ತುಂಗಭದ್ರೆಯ ದಂಡೆಯಿಂದ ಒಂದು ಕೈಚೀಲ ಮರಳು ಬಾಚಿ, ದಾವಣಗೆರೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಸೀರೆ ಒದ್ದೆಯಾಗಿತ್ತು. “ಹೊಳಿ ನೀರೇ ಅಲ್ಲೇನು, ಬಿಡು,” ಎಂದಳು. ನಮ್ಮ ಬೀದಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಸರಿಯಾಗಿ ಎರಡು ಕೆಜಿ ತೂಗಿ ಚೀಲಕ್ಕೆ ತುಂಬಿದೆವು. ಬಾಯಿ ಹೊಲಿದೆವು.

ಮೊದಲ ದಿನ ಕಾಲು ಒಂದು ಗೇಣೂ ಏಳಲಿಲ್ಲ. ಎರಡನೆಯ ವಾರ ಎದ್ದಿತು. ಮೂರನೆಯ ವಾರ ಹತ್ತು ಸಲ, ಐದನೆಯ ವಾರ ಇಪ್ಪತ್ತು. ಎಂಟನೆಯ ವಾರದಲ್ಲಿ ನಾನು ಮಲಗಿ ಪೇಪರ್ ಓದುತ್ತ ನಲವತ್ತು ಸಲ ಎತ್ತುತ್ತಿದ್ದೆ. ಮನೆಗೆ ಬಂದವರಿಗೆಲ್ಲ ಚೀಲ ಕೊಟ್ಟು, “ಹಿಡೀರಿ, ಎರಡು ಕೆಜಿ,” ಎನ್ನುತ್ತಿದ್ದೆ. ಅವರು ಹಿಡಿದು ಗೌರವದಿಂದ ತಲೆಯಾಡಿಸುತ್ತಿದ್ದರು. ಹರಿಹರಕ್ಕೆ ಫೋನ್ ಮಾಡಿ, ಎರಡು ಕೆಜಿ ಈಗ ಹೂವಿನಂತಾಗಿದೆ, ಚಿಕ್ಕಪ್ಪನ ಮಗನಿಗೆ ಹೇಳು, ಊಟ ಬಡಿಸುವ ಕೆಲಸ ನೋಡಿಕೊಳ್ಳಲಿ ಎಂದೆ. ಅಕ್ಕ ಹೇಳಿಯೂ ಬಿಟ್ಟಳು.

ಆ ವಾರ ಕ್ಲಿನಿಕ್ಕಿನಲ್ಲಿ ಮೇಡಂ ತಮ್ಮ ಎರಡು ಕೆಜಿ ಪಟ್ಟಿ ಕಟ್ಟಿದರು. “ಎತ್ರಿ ಸರ್.” ಕಾಲು ಒಂದು ಗೇಣು ಏರಿ, ನಡುಗಿ, ದಬಕ್ಕನೆ ಮಂಚಕ್ಕೆ ಬಿತ್ತು.

“ಇದು ಎರಡು ಕೆಜಿ ಅಲ್ಲ ಮೇಡಂ. ಐದಿರಬೇಕು.”

“ನಿಮ್ಮ ಚೀಲ ತರ್ರಿ ನಾಳೆ.”

ತಂದೆ. ಅವರ ಯಂತ್ರದ ಮೇಲಿಟ್ಟರು. ಒಂದು ಕೆಜಿ ಇನ್ನೂರು ಗ್ರಾಂ. ಮೇಡಂ ಚೀಲವನ್ನು ಅಲ್ಲಾಡಿಸಿದರು, ಹೊಲಿಗೆಯ ಸಂದಿನಿಂದ ಒಂದು ಚಿಟಿಕೆ ಮರಳು ಅವರ ಮೇಜಿನ ಮೇಲೆ ಉದುರಿತು. ಬೆರಳಲ್ಲಿ ಮುಟ್ಟಿ ನೋಡಿದರು.

“ತುಂಬಿದಾಗ ಹಸಿ ಇತ್ತಾ ಸರ್?”

ಅಕ್ಕನ ಒದ್ದೆ ಸೀರೆ ಕಣ್ಣ ಮುಂದೆ ಬಂತು. ಎರಡು ಕೆಜಿಯಲ್ಲಿ ಒಂದಿಷ್ಟು ಹೊಳೆಯ ನೀರು, ಅದು ಮೊದಲ ವಾರದಲ್ಲೇ ಆರಿಹೋಗಿತ್ತು. ಉಳಿದದ್ದು ದಿನವೂ ಸ್ವಲ್ಪ ಸ್ವಲ್ಪ ಸೋರಿತ್ತು. ನಾನು ಗಟ್ಟಿಯಾಗುತ್ತಿದ್ದೆ ಎನ್ನುವುದು ಪೂರ್ತಿ ಸುಳ್ಳಲ್ಲ. ಆದರೆ ನಾನು ಒಂದು ಹೆಜ್ಜೆ ಮುಂದೆ ಬಂದಾಗಲೆಲ್ಲ ಚೀಲವೇ ಎರಡು ಹೆಜ್ಜೆ ನನ್ನ ಕಡೆಗೆ ಬಂದಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟಳು.

“ಎರಡು ತಿಂಗಳಿಂದ ದಿನಾ ಮುಂಜಾನೆ ಮಂಚದ ಬುಡಕ್ಕ ಉಸುಕು ಗುಡಿಸಿ ಗುಡಿಸಿ ನನ್ನ ನಡ ಬಿದ್ದು ಹೋತು. ನಾನು ನಿಮ್ಮ ಕಾಲಿಂದು ಅನ್ಕಂಡಿದ್ದೆ.”

“ಕಾಲಿಂದ ಉಸುಕು ಹೆಂಗ ಬರ್ತೈತೆ?”

“ನಿಮ್ಮ ಕಾಲು. ನನಗೇನು ಗೊತ್ತು?”

ನನ್ನ ತೊಡೆಯ ಎಂಟುನೂರು ಗ್ರಾಂ ಶಕ್ತಿಯಲ್ಲಿ ನೀರಾಗಿ ಆರದೆ ಉಳಿದದ್ದನ್ನು ಅವಳು ದಿನಾ ಮೊರದಲ್ಲಿ ತುಂಬಿ ಹಿತ್ತಲಿನ ಕರಿಬೇವಿನ ಗಿಡದ ಬುಡಕ್ಕೆ ಹಾಕುತ್ತಿದ್ದಳು. ಅಕ್ಕನಿಗೆ ವಿಷಯ ತಿಳಿಸಿದಾಗ ಅವಳು, “ಹಂಗಾದ್ರ ಅವನಿಗೆ ಬಡಿಸೋದು ಬ್ಯಾಡ ಅಂತ ಹೇಳ್ಲಾ?” ಎಂದಳು.

ಮೂರು ತಿಂಗಳಷ್ಟೇ ಉಳಿದಿತ್ತು. ಮರಳನ್ನು ಬಾಣಲೆಯಲ್ಲಿ ಹುರಿದು ಒಣಗಿಸಿ, ಪ್ಲಾಸ್ಟಿಕ್ ಕವರಿಗೆ ತುಂಬಿ, ಕವರನ್ನು ಚೀಲಕ್ಕೆ ಹಾಕಿ, ವಾರಕ್ಕೊಮ್ಮೆ ತೂಗಿಸತೊಡಗಿದೆ. ಕಿರಾಣಿ ಅಂಗಡಿಯವನು ಮೊದಲೆರಡು ವಾರ ನಗುತ್ತಿದ್ದ. ಆಮೇಲೆ ನಾನು ಬಂದರೆ ಕೇಳದೆಯೇ ತಕ್ಕಡಿಗೆ ತೂಕದ ಬಟ್ಟು ಇಡುತ್ತಿದ್ದ. ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯ ಮೇಲೆ ಕೂರುವುದು, ಒಂದು ಮೆಟ್ಟಿಲನ್ನು ಹತ್ತಿ ಇಳಿದು ಮತ್ತೆ ಹತ್ತುವುದು, ಇವು ಬೆಳಗ್ಗೆ ಮತ್ತು ಸಂಜೆ. ಆಫೀಸಿನಲ್ಲಿ ಫೈಲು ಹಿಡಿದು ಮೆಟ್ಟಿಲು ಹತ್ತಿಳಿಯುತ್ತಿದ್ದೆ. ಕೆಲಸ ಮಾಡುತ್ತಿದ್ದೇನೆ ಎಂದು ಹೊಸ ಸಾಹೇಬರು ಮೆಚ್ಚಿದರು.

ಕೊನೆಯ ತಿಂಗಳು ಎತ್ತುವ ಅಭ್ಯಾಸ. ಐವತ್ತಾರು ಕೆಜಿ ಒಮ್ಮೆಲೇ ಬೇಡ, ಮೊದಲು ಆಕಾರ ಅಭ್ಯಾಸವಾಗಲಿ ಎಂದರು ಮೇಡಂ. ಆಳೆತ್ತರದ, ಎರಡು ತೋಳಿಗೆ ತುಂಬುವ, ಆದರೆ ಹಗುರವಾದ ವಸ್ತು ಬೇಕಿತ್ತು. ದಾವಣಗೆರೆಯಲ್ಲಿ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮಂಡಕ್ಕಿ ಹುರಿಯುವ ಭಟ್ಟಿಗಳೇ ಬೀದಿಗಟ್ಟಲೆ ಇವೆ, ಅಲ್ಲಿಂದ ಒಂದು ಮೂಟೆ ತಂದೆ. ತೋಳಿನಲ್ಲಿ ಅಡ್ಡ ಮಲಗಿಸಿಕೊಂಡು ನಡುಮನೆಯಲ್ಲಿ ಹದಿನೆಂಟು ಹೆಜ್ಜೆ ನಡೆಯುತ್ತಿದ್ದೆ. ಒಳಗೆ ಒಂದೊಂದೇ ಇಟ್ಟಿಗೆ ಸೇರಿಸುತ್ತ ಹೋದೆ. ಕಾಲಿಗೆ ಕಟ್ಟುವುದಲ್ಲವಾದ್ದರಿಂದ ಹೆಂಡತಿಯ ಆಕ್ಷೇಪವಿರಲಿಲ್ಲ. “ಜಡಿ ಹಾಕ್ಲಾ ಅದಕ್ಕ?” ಎಂದಷ್ಟೇ ಕೇಳಿದಳು. ತಿಂಗಳ ಕೊನೆಗೆ ಇಟ್ಟಿಗೆ ಹೊಕ್ಕಲ್ಲೆಲ್ಲ ಮಂಡಕ್ಕಿ ಪುಡಿಯಾಗಿತ್ತು. ಉಳಿದದ್ದನ್ನು ಒಗ್ಗರಣೆ ಹಾಕಿಕೊಂಡು ಎರಡು ವಾರ ತಿಂದೆವು.

ಪರೀಕ್ಷೆಯ ದಿನ. ಕುರ್ಚಿ. ಬಲಗಾಲನ್ನು ಮುಂದೆ ಚಾಚಿ, ಕೈಗಳನ್ನು ಎದೆಗೆ ಕಟ್ಟಿ ಕುಳಿತೆ. ಆರರವರೆಗೆ ಸಲೀಸು. ಏಳರಲ್ಲಿ ತೊಡೆ ಉರಿಯಿತು. ಎಂಟು. ಒಂಬತ್ತಕ್ಕೆ ಎದ್ದಾಗ ಕೋಣೆ ಸ್ವಲ್ಪ ವಾಲಿತು. ಹತ್ತಕ್ಕೆ ಅರ್ಧ ಎದ್ದು ನಿಂತೆ, ಅಂದರೆ ಅರ್ಧದಲ್ಲೇ ನಿಂತೆ, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ಆಗ ನನ್ನ ಎಡಗೈ ಕುರ್ಚಿಯ ಹಿಡಿಗೆ ತಾಗಿತೇ? ಇಂದಿಗೂ ಗೊತ್ತಿಲ್ಲ. ಒಮ್ಮೆ ನೆನೆದರೆ ಮರದ ತಣ್ಣನೆಯ ಹಿಡಿ ಬೆರಳಿಗೆ ತಾಗುತ್ತದೆ. ಇನ್ನೊಮ್ಮೆ ನೆನೆದರೆ ಆ ಕುರ್ಚಿಗೆ ಹಿಡಿಯೇ ಇರುವುದಿಲ್ಲ. ಎದ್ದೆನಂತೂ ಎದ್ದೆ. ಮೇಡಂ ನನ್ನ ಮುಖ ನೋಡಿದರು, ಕೈ ನೋಡಿದರು.

“ಹತ್ತು,” ಎಂದರು. “ಎತ್ರಿ. ತಿರುಗಬ್ಯಾಡ್ರಿ. ಓಡಬ್ಯಾಡ್ರಿ. ಮೆಟ್ಟಿಲಿಗೆ ಬಲಗಾಲು ಮೊದ್ಲು.”

ಮುಹೂರ್ತದ ಬೆಳಗ್ಗೆ ಕೋಣೆಯ ಬಾಗಿಲಲ್ಲಿ ಸೊಸೆಯನ್ನು ನೋಡಿದಾಗ ನಮ್ಮ ಲೆಕ್ಕದ ತಪ್ಪು ತಿಳಿಯಿತು. ಐವತ್ತಾರು ಕೆಜಿ ಅವಳದು ಮಾತ್ರ. ರೇಷ್ಮೆ ಸೀರೆ, ಸೊಂಟಕ್ಕೆ ಡಾಬು, ಮೊಣಕೈವರೆಗೆ ಬಳೆ, ಬೆನ್ನುದ್ದ ಹೂವಿನ ಜಡೆ, ಇವನ್ನು ಯಾರೂ ತೂಗಿರಲಿಲ್ಲ. ನನ್ನ ಹಿಂದೆ ಚಿಕ್ಕಪ್ಪನ ಮಗ ಅಂಗಿಯ ತೋಳು ಮಡಿಸಿ ನಿಂತಿದ್ದ. “ಅಣ್ಣಾ, ನಾನು ಹಿಂದೇನೇ ಇರ್ತೀನಿ. ಒಂದ್ ಮಾತು ಅಂದ್ರ ಸಾಕು,” ಎಂದ. ಅವನ ಒಳ್ಳೆಯ ಮನಸ್ಸನ್ನು ಆ ಕ್ಷಣ ನಾನು ಸಹಿಸಲಾರದಾಗಿದ್ದೆ.

“ಮಾಮ, ಉಸಿರು ಬಿಡು,” ಎಂದಳು ಸೊಸೆ. ಎತ್ತಿದೆ.

ಹದಿನೆಂಟು ಹೆಜ್ಜೆ ನನ್ನ ನೆನಪಿನಲ್ಲಿಲ್ಲ. ವಾಲಗದವರು ಜೋರಾಗಿ ಬಾರಿಸುತ್ತಿದ್ದರು, ಯಾರೋ ನನ್ನ ಕಿವಿಯೊಳಗೆ ಅಕ್ಷತೆ ಎಸೆದರು. ಮೊದಲ ಮೆಟ್ಟಿಲು ಹತ್ತಿದೆ. ಎರಡನೆಯದರಲ್ಲಿ ಬಲಗಾಲು ಮೇಲೆ ಹೋಗಿ, ಎಡಗಾಲು ಕೆಳಗಿನಿಂದ ಒದ್ದು ಬರಬೇಕಾದಾಗ, ತೊಡೆ ನಡುಗತೊಡಗಿತು. ಇಡೀ ಮಂಟಪಕ್ಕೆ ಕಾಣುವಂತೆ ಪಂಚೆ ಅಲುಗುತ್ತಿತ್ತಂತೆ. ಆಮೇಲೆ ನಾನು ಮೇಲಿದ್ದೆ. ಅವಳನ್ನು ಹಸೆಮಣೆಯ ಮೇಲೆ ಇಳಿಸಿದೆ. ಅಕ್ಕ ಅತ್ತಳು, ಹಿರಿಯರು ಭೇಷ್ ಎಂದರು.

ಊಟವಾದ ಮೇಲೆ ವಿಡಿಯೋದವನು ಬಂದ. “ಅಂಕಲ್, ಆಗ ಬ್ಯಾಟರಿ ಚೇಂಜ್ ಮಾಡಾಕತ್ತಿದ್ದೆ. ಮಿಸ್ ಆತು. ಇನ್ನೊಂದ್ ಸಲ ಎತ್ಕಂಡ್ ಬರ್ರಿ.” ನನ್ನ ಎಡಗಾಲು ಆಗ ಒಂದು ಲೋಟ ನೀರನ್ನೂ ಹೊರುವಂತಿರಲಿಲ್ಲ. ಕೊನೆಗೆ ಚಿಕ್ಕಪ್ಪನ ಮಗ ಕ್ಯಾಮೆರಾಕ್ಕೆ ಕಾಣದಂತೆ ಹಿಂದೆ ಬಗ್ಗಿ ಅವಳ ಭಾರವನ್ನೆಲ್ಲ ಹೊತ್ತ, ನಾನು ಮುಂದಿನಿಂದ ತೋಳು ಚಾಚಿ ನಗುತ್ತ ನಡೆದೆ. ಈಗ ಮದುವೆಯ ವಿಡಿಯೋದಲ್ಲಿರುವುದು ಅದೇ. ನಿಧಾನದ ಚಲನೆಯಲ್ಲಿ, ಹೂವಿನ ಎಸಳುಗಳ ನಡುವೆ, ನಾನು ನಡುಗದೆ ಮೆಟ್ಟಿಲು ಹತ್ತುತ್ತೇನೆ. ಅಕ್ಕನಿಗೆ ಈಗಾಗಲೇ ಬೆಳಗಿನದು ಮರೆತು ಇದೇ ನೆನಪಾಗಿ ಕೂತಿದೆ.

ಹತ್ತು ದಿನದ ನಂತರ ಸೊಸೆಯನ್ನೂ ಅಳಿಯನನ್ನೂ ದಾವಣಗೆರೆಗೆ ಮಧ್ಯಾಹ್ನದ ಊಟಕ್ಕೆ ಕರೆದಿದ್ದೆವು. ಹೋಳಿಗೆ ಉಂಡು ಕುಳಿತು ಫೋನಿನಲ್ಲಿ ಆ ವಿಡಿಯೋ ನೋಡುತ್ತಿದ್ದಾಗ ನಾನು, “ಖರೇದು ಇದಲ್ಲ ಬಿಡವ್ವ. ಖರೇದನ್ನ ಒಬ್ಬನೇ ಎತ್ತಿದ್ದೆ,” ಎಂದೆ.

ಸೊಸೆ ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು.

“ಬೈಬ್ಯಾಡ ಮಾಮ. ಎರಡನೇ ಮೆಟ್ಟಿಲಾಗ ನಾನು ಹೂವಿನ ಕಂಬ ಹಿಡ್ಕಂಡಿದ್ದೆ. ನೀನು ಬಿದ್ದೇ ಬಿಡ್ತೀ ಅನ್ನಿಸ್ತು.”

“ಹಿಡ್ಕಂಡು?”

“ಹಿಡ್ಕಂಡು ಜಗ್ಗಿದೆ.”

“ನಿಮ್ಮ ಹಿಂದಿದ್ದ ಜಿಮ್ ಮಾಮನೂ ‘ನಾನೇ ಕೈ ಕೊಟ್ಟಿದ್ದೆ’ ಅಂತಿದ್ರು,” ಎಂದ ಅಳಿಯ, ಸಹಾಯ ಮಾಡುವ ದನಿಯಲ್ಲಿ.

ಏಳು ತಿಂಗಳು. ಯಾರ ಮೇಲೂ ಸಿಟ್ಟು ಬರಲಿಲ್ಲ. ಆದರೆ ಆ ಮೆಟ್ಟಿಲನ್ನು ಹತ್ತಿದ್ದು ಯಾವುದು, ನನ್ನ ತೊಡೆಯೋ, ಅವಳ ಕೈಯೋ, ಅವನ ತೋಳೋ, ಎಂದು ಕೇಳಲು ಯಾರೂ ಉಳಿದಿರಲಿಲ್ಲ. ಎಲ್ಲರೂ ಅಲ್ಲಿದ್ದರು, ಯಾರೂ ನೋಡಿರಲಿಲ್ಲ. ನಮ್ಮ ಮನೆಯ ಹಿತ್ತಲಿನಿಂದ ಅಡುಗೆಮನೆಗೆ ಹತ್ತಲು ಮೂರು ಮೆಟ್ಟಿಲುಗಳಿವೆ, ಎರಡೂ ಕಡೆ ಹಿಡಿಯಲು ಏನೂ ಇಲ್ಲ.

“ಏಳವ್ವ,” ಎಂದೆ.

“ಈಗಾ? ಮೂರು ಹೋಳಿಗಿ ಉಂಡೀನಿ ಮಾಮ.”

“ಇರ್ಲಿ. ಡಾಬಿನ ತೂಕ ಇಲ್ಲಲ್ಲ.”

ಹೆಂಡತಿ ಬಾಗಿಲು ಹಿಡಿದು ನಿಂತಳು. ಅಳಿಯ ಫೋನ್ ಎತ್ತಿದ. “ಅದನ್ನ ಕೆಳಗಿಡ್ರಿ ನೀವು,” ಎಂದು ಹೆಂಡತಿ ಗದರಿದಳು, ಹೊಸ ಅಳಿಯ ಎನ್ನುವುದನ್ನೂ ಮರೆತು. ಹಿತ್ತಲಿಗೆ ಇಳಿದೆವು. ಎತ್ತಿಕೊಂಡೆ. ನನಗೆ ಅನುಮಾನ ಬರಬಾರದೆಂದು ಸೊಸೆ ಎರಡೂ ಕೈಗಳನ್ನು ನೆಟ್ಟಗೆ ಆಕಾಶಕ್ಕೆ ಎತ್ತಿ ಹಿಡಿದಳು, ಬಸ್ಸಿನೊಳಗೆ ಪಿಸ್ತೂಲು ತೋರಿಸಿದಾಗ ಜನ ಎತ್ತುವಂತೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, ಏನೂ ಕೇಳದೆ ಒಳಗೆ ಹೋದರು.

ಮೊದಲ ಮೆಟ್ಟಿಲು. ಎರಡನೆಯದರಲ್ಲಿ ತೊಡೆ ಮತ್ತೆ ನಡುಗಿತು.

“ಕೈ ಮ್ಯಾಲದಾವು ಮಾಮ, ನೋಡ್ಕ,” ಎಂದಳು.

ನೋಡಲು ಪುರುಸೊತ್ತಿರಲಿಲ್ಲ. ಮೂರನೆಯದನ್ನು ಹತ್ತಿದೆ.